ಟವೆಲ್ ಹಾಕಿದ ಸೀಟು

“ನಮ್ಮ ದೋಸ್ತ ಮಸ್ಕ್ಯಾಗ ಹತ್ತತಾನಬೇ ಯವ್ವಾ,” ಎಂದು ದ್ಯಾವಪ್ಪ ತನ್ನ ಪಕ್ಕದ ಕಿಟಕಿ ಸೀಟಿನ ಮೇಲೆ ಹಾಕಿದ್ದ ಟವೆಲನ್ನು ಅಂಗೈಯಿಂದ ಒತ್ತಿ ಹಿಡಿದ. ಸಿಂಧನೂರಿನಿಂದ ಇಡೀ ಬಸ್ಸಿನವರ ಕೂಡ ಜಗಳವಾಡಿ ಉಳಿಸಿಕೊಂಡು ಬಂದ ಸೀಟು ಅದು. ಸೀಟು ಕೇಳಿದ್ದ ಮುದುಕಿ ಬುಟ್ಟಿ ಕಾಲಬುಡಕ್ಕಿಟ್ಟು, ಅವನನ್ನು ಬೈಯುತ್ತಲೇ ಕಂಬಿಗೆ ಜೋತುಬಿದ್ದಳು.

ಪ್ರಾಯದಲ್ಲಿ ಅಲೆದ ಊರುಗಳನ್ನೆಲ್ಲ ಮತ್ತೊಮ್ಮೆ ನೋಡಿಬರಬೇಕೆಂದು ಅವನೂ ದೋಸ್ತ ಮಕ್ತುಮ್‌ಸಾಬನೂ ಹೋದ ವಾರದ ಸಂತೆಯಲ್ಲಿ ಚಹಾ ಕುಡಿಯುತ್ತ ಮಾತಾಡಿಕೊಂಡಿದ್ದರು. ಲಿಂಗಸುಗೂರಿನ ಟೆಂಟ್ ಟಾಕೀಸು, ಮುದಗಲ್ಲಿನ ಕೋಟೆ, ಆಮೇಲೆ ಹಟ್ಟಿ. “ಕಿಟಕಿ ಸೀಟು ನಂದಲೇ, ಮರೀದಂಗ ಟವೆಲ್ ಹಾಕು,” ಎಂದು ಸಾಬ ತಾಕೀತು ಮಾಡಿದ್ದ.

ಮಸ್ಕಿಯಲ್ಲಿ ಬಸ್ಸು ನಿಂತಾಗ ಕಿಟಕಿಯ ಕೆಳಗೆ ಬಂದವನು ಸಾಬನ ಮಗ ಚಾಂದ್‌ಪಾಷಾ. “ನೀವು ಇದ ಬಸ್ಸಿಗೆ ಬರ್ತೀರಂತ ಕಾಯಾಕತ್ತಿದ್ದೆ ಕಾಕಾ,” ಎಂದ. “ಅಬ್ಬಾ ನಸುಕಿನಾಗ ತೀರಿಕೊಂಡ್ರು.”

ದ್ಯಾವಪ್ಪನ ಅಂಗೈ ಇನ್ನೂ ಟವೆಲಿನ ಮೇಲೇ ಇತ್ತು. ಕಂಡಕ್ಟರು ‘ರೈಟ್’ ಎನ್ನುವ ಮೊದಲು ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು ಇಳಿಯಲು ಎದ್ದ. ಮುದುಕಿಗೆ ದಾರಿ ಬಿಟ್ಟ.

“ಕುಂದ್ರು ಯವ್ವಾ,” ಎಂದ. “ಎರಡೂ ಖಾಲಿ ಅದಾವ.”