ಹಲಗೆಯ ಹನ್ನೊಂದನೇ ಸಾಲು

ಸಂಶೋಧಕಿ ಹಲಗೆಯ ಮೇಲಿನ ಸೀಮೆಸುಣ್ಣದ ಕೊನೆಯ ಸಾಲನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಸಂಘದ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿದ್ದ ಎರಡು ಲೋಟ ಟೀ ತುಳುಕಿತು.

"ಏನಮ್ಮಾ ಮಾಡ್ಬಿಟ್ಟೆ?"

"ಸಂಜೆ ಪಾಠಕ್ಕೆ ಬರೋ ಮಕ್ಕಳು ಸೀಮೆಸುಣ್ಣದಲ್ಲಿ ತಮ್ಮ ಹೆಸರು ಗೀಚಿದ್ರಲ್ಲ ಸರ್. ಫೋಟೋ ತೆಗೆಯೋಕೆ ಮುಂಚೆ ಒರೆಸ್ದೆ," ಎಂದಳು, ಶಹಬಾಸ್ ಸಿಗುತ್ತದೆ ಎಂಬ ಮುಖದಲ್ಲಿ.

ಹಾಯಿಹಡಗಿನ ಕಾಲದಲ್ಲಿ ನಾವಿಕರು ತಮಗಾಗಿ ತಾವೇ ಕಟ್ಟಿಕೊಂಡ ನೆರವಿನ ಸಂಘ ಅದು. ಅಂದಿನಿಂದ ಇಂದಿನವರೆಗೆ ಸಮುದ್ರಪಾಲಾದವರ ಹೆಸರುಗಳು ಆ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಸಾಲಾಗಿ ನಿಂತಿದ್ದವು. ಇಂಥ ಸಂಘಗಳ ಮೇಲೆ ಅವಳು ಮೂರು ವರ್ಷದಿಂದ ಪ್ರಬಂಧ ಬರೆಯುತ್ತಿದ್ದಳು. ಅಡಿಟಿಪ್ಪಣಿ ಹಾಕುವುದರಲ್ಲಿ ಎತ್ತಿದ ಕೈ. ಒಂದು ಮಾತು ಕೇಳಿ ಒರೆಸಬೇಕೆಂದು ಮಾತ್ರ ಹೊಳೆಯಲಿಲ್ಲ.

"ಹೆಣ ಸಿಕ್ಕಿದವರಿಗೆ ಬಣ್ಣ, ಸಿಗದವರಿಗೆ ಸೀಮೆಸುಣ್ಣ," ಕಾರ್ಯದರ್ಶಿಗಳು ಲೋಟಗಳನ್ನು ಮೇಜಿನ ಮೇಲಿಟ್ಟರು. "ಬಣ್ಣದಲ್ಲಿ ಬರೆದ್ರೆ ಸತ್ತ ಅಂತ ನಾವೇ ಒಪ್ಕೊಂಡ ಹಾಗೆ. ಸುಣ್ಣ ಗಾಳಿಗೆ ಮಾಸುತ್ತೆ. ವರ್ಷಕ್ಕೊಂದ್ಸಲ ತಿದ್ದಿ ಬರೀತೀವಿ, ಮನೆಯವರು ಸಾಕು ಅನ್ನೋ ತನಕ. ಆಮೇಲೆ ಒರೆಸಿ ಬಣ್ಣ."

"ಸಂಘದ ದಾಖಲೆ ಪುಸ್ತಕದಲ್ಲಿ ಆ ಹೆಸರುಗಳು ಇರ್ತಾವಲ್ವಾ ಸರ್?"

"ಮನೆಯವರನ್ನ ಇನ್ನೂ ಕಾಯಿಸ್ತಾ ಇರೋರನ್ನ ಪುಸ್ತಕಕ್ಕೆ ಏರಿಸೋ ಪದ್ಧತಿ ಇಲ್ಲಮ್ಮ."

ಅವಳು ಹಲಗೆಯತ್ತ ತಿರುಗಿದಳು. ಒರೆಸುವಾಗ ಎಣಿಸಿದ್ದಳು, ಹನ್ನೊಂದು ಸಾಲು. ಹನ್ನೊಂದು ಜನರನ್ನು ಅರ್ಧ ಬಕೆಟ್ ನೀರಿನಲ್ಲಿ ಇನ್ನೊಮ್ಮೆ ಮುಳುಗಿಸಿದ್ದಳು.

ಕಾರ್ಯದರ್ಶಿಗಳು ಬೈಯಲಿಲ್ಲ. ಮೇಜಿನ ಡ್ರಾಯರಿನಿಂದ ಸೀಮೆಸುಣ್ಣ ತೆಗೆದು ಸ್ಟೂಲು ಹತ್ತಿದರು. ನೆನಪು ಎಲ್ಲೂ ತಡವರಿಸಲಿಲ್ಲ. ಒಂದೊಂದೇ ಹೆಸರು ತನ್ನ ಜಾಗಕ್ಕೆ ಮರಳಿತು. ಹತ್ತು ಬರೆದು ಕೆಳಗಿಳಿದರು. ಟೀ ಆಗಲೇ ತಣ್ಣಗಾಗಿತ್ತು.

"ಹನ್ನೊಂದು ಇದ್ವು ಸರ್," ಎಂದಳು ಹೆದರುತ್ತಲೇ. "ಒಂದು ಮರೆತುಹೋಯ್ತಾ?"

"ಅದು ನಮ್ಮಣ್ಣ."

ಕಾರ್ಯದರ್ಶಿಗಳು ಖಾಲಿ ಉಳಿದ ಜಾಗದ ಎದುರಿನ ಬೆಂಚಿನ ಮೇಲೆ ಕೈಯಿಟ್ಟರು.

"ಮೂವತ್ತೆಂಟು ವರ್ಷ ಅತ್ತಿಗೆ ಬಂದು ಈ ಬೆಂಚಿನ ಮೇಲೆ ಕೂತು, ನಾನು ಅಕ್ಷರ ತಿದ್ದೋದನ್ನ ನೋಡ್ಕೊಂಡು ಹೋಗೋರು. ಒಂದು ಕೊಂಬು ವಾರೆಯಾದ್ರೂ ಬಿಡ್ತಿರ್ಲಿಲ್ಲ. ಹೋದ ವರ್ಷ ತೀರ್ಕೊಂಡ್ರು. ಇನ್ನು ಒರೆಸೋಣ ಅಂತ ಬಟ್ಟೆ ಹಿಡ್ಕೊಂಡು ನಾಲ್ಕು ಸಲ ಬಂದೆ. ಕೈ ಬರ್ಲಿಲ್ಲ. ನಿನ್ನ ಕೈಲಿ ಆಗೋದಿತ್ತು ಅಂತ ಕಾಣುತ್ತೆ."

ಬೀರುವಿನಿಂದ ಬಿಳಿ ಬಣ್ಣದ ಡಬ್ಬಿ ತಂದು, ಚಮಚದ ಹಿಡಿಯಿಂದ ಮುಚ್ಚಳ ಎಬ್ಬಿಸಿದರು. ಅವಳು ಸ್ಟೂಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಕ್ಯಾಮೆರಾ ಕುರ್ಚಿಯ ಮೇಲೆಯೇ ಇತ್ತು. ಬ್ರಷ್ಷು ಹಲಗೆಗೆ ತಾಗುವ ಹೊತ್ತಿಗೆ ಅವಳಿಗೆ ತಡೆಯಲಾಗಲಿಲ್ಲ.

"ಬೇಡ ಸರ್. ಸುಣ್ಣದಲ್ಲೇ ಬರೆದುಬಿಡಿ. ಒಂದು ವೇಳೆ ಬಂದ್ರೆ?"

ಕಾರ್ಯದರ್ಶಿಗಳು ತಿರುಗಲಿಲ್ಲ. ಮೊದಲ ಅಕ್ಷರವನ್ನು ನಿಧಾನವಾಗಿ, ವಾರೆಯಾಗದಂತೆ ಎಳೆದರು.

"ಅತ್ತಿಗೇನೇ ಇಲ್ವಲ್ಲಮ್ಮ. ಇನ್ನು ಯಾರನ್ನ ನೋಡೋಕೆ ಬರ್ತಾನೆ?"