ಹಬ್ಬಕ್ಕೆ ಲ್ಯಾಪ್‌ಟಾಪ್ ಒರೆಸಿದ ಅರಿವೆ

ಶ್ರಾವಣ ಮಾಸ. ಸೋಮವಾರ. ಬೆಳಗಿನ ಹತ್ತೂವರೆ... ಹೊರಗೆ ಜಿಟಿಜಿಟಿ ಮಳೆ.

ಗದಗಿನ ನಮ್ಮ ಪ್ರೆಸ್ಸಿಗೆ ಹೊಸ ಲ್ಯಾಪ್‌ಟಾಪ್ ಬಂತು. ಅದರ ಹಿಂದೆಯೇ ಅದನ್ನು ನಡೆಸುವ ಹುಡುಗಿಯೂ ಬಂದಳು... ದಾಕ್ಷಾಯಣಿ.

ಮೂವತ್ತೆಂಟು ವರ್ಷ ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟಿದವನು ನಾನು. ಓದಿದ್ದು ಮೂರನೇ ಇಯತ್ತೆ. ನನಗೆ ಅಕ್ಷರ ಕಲಿಸಿದ್ದು ಆ ಮೊಳೆಗಳೇ... ಅದೂ ಕನ್ನಡಿಯಲ್ಲಿ ಕಂಡಂತೆ, ಉಲ್ಟಾ.

ಆವತ್ತು ಪ್ರೆಸ್ಸಿನ ಮಾಲೀಕರಾದ ಸಾವಕಾರರು ನನ್ನ ಮೊಳೆಗಳ ಪೆಟ್ಟಿಗೆಯನ್ನು ಪಾಯಖಾನೆಯ ಗೋಡೆಗೆ ಸರಿಸಿದರು. ಆ ಜಾಗದಲ್ಲಿ ಲ್ಯಾಪ್‌ಟಾಪಿನ ಟೇಬಲ್ ಕೂತಿತು.

"ಗುರುಸಿದ್ಧಪ್ಪಾ, ಇನ್ನ ಮ್ಯಾಲೆ ನೀ ಪ್ರೂಫ್ ನೋಡು, ಬಂಡಲ್ ಕಟ್ಟು. ಅಷ್ಟ ಸಾಕು."

ಸಿಟ್ಟನ್ನೆಲ್ಲ ಆ ಹುಡುಗಿಯ ಮೇಲೆ ಇಟ್ಟುಕೊಂಡೆ.

ಅವಳು ಬಂದು ಕೂತಳೆಂದರೆ ಟೇಬಲ್ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದೆ.

ಡಬ್ಬಿ ಬಿಚ್ಚಿ "ರೊಟ್ಟಿ ತಗೋರಿ ಅಜ್ಜಾರ" ಅಂದರೆ ಎದ್ದು ಹೊರಗೆ ಹೋಗುತ್ತಿದ್ದೆ.

ಒಂದು ಲಗ್ನಪತ್ರಿಕೆಯಲ್ಲಿ ಏಳು ತಪ್ಪು ಹಿಡಿದು, ಕೆಂಪು ಗೆರೆ ಎಳೆದು, ಅವಳ ಟೇಬಲ್ ಮೇಲೆ ಒಗೆದೆ.

"ಮಷಿನ್ನಿಗೆ ಕಣ್ಣಿಲ್ಲ ಬಿಡು... ನಿನಗೂ ಇಲ್ಲೇನ?"

ಅವಳೂ ಬಿಡಲಿಲ್ಲ. "ನಿಮಗ ಅಕ್ಷರ ಅಷ್ಟ ಅಲ್ರಿ ಅಜ್ಜಾರ, ಮನಶ್ಯಾರೂ ಉಲ್ಟಾನ ಕಾಣ್ತಾರ!"

ಮಷಿನ್ ತಿರುಗಿಸುವವರು ಕಿಸಕ್ಕನೆ ನಕ್ಕರು. ಅದು ನನ್ನ ಎದೆಗೆ ನಾಟಿತು...

ಒಂದು ದಿನ ಅವಳೇ ಹತ್ತಿರ ಬಂದು ನಿಂತಳು.

"ನನ್ನ ಮ್ಯಾಲೆ ಸಿಟ್ಟ ಇದ್ರ ಇರ್ಲಿ. ಸಾವಕಾರ್ರ ಮುಂದ ಮಾತ್ರ ಏನೂ ಹೇಳಬ್ಯಾಡ್ರಿ. ಈ ಕೆಲಸ ಹೋದ್ರ ದೀಪಾವಳಿ ಆದಕೂಡ್ಲೆ ನಮ್ಮಪ್ಪ ನನಗ ಲಗ್ನಾ ಮಾಡಿ ಕಳಸ್ತಾನ. ನಾ ಇನ್ನೂ ಕಲೀಬೇಕ್ರಿ..."

"ಕಳಸ್ಲಿ. ಪ್ರೆಸ್ಸಿಗೆ ಚಲೋ ಆತು" ಅಂದೆ.

ಇಂಥ ಮಾತು ಆಡಿದ ಬಾಯಿ ಇದು...

ಆಯುಧ ಪೂಜೆ ಬಂತು. ಬುಧವಾರ.

ನಮ್ಮಲ್ಲಿ ಒಂದು ಪದ್ಧತಿ. ಪೂಜೆಗೆ ಮುಂಚೆ ಪ್ರತಿ ಯಂತ್ರವನ್ನೂ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಬೇಕು. ಮೂವತ್ತೆಂಟು ವರ್ಷ ಆ ಕೆಲಸ ನನ್ನದೇ.

ಟ್ರೆಡಲ್ ಅಚ್ಚುಯಂತ್ರ ಒರೆಸಿದೆ. ಪೇಪರ್ ಕತ್ತರಿಸುವ ಮಷಿನ್ ಒರೆಸಿದೆ. ಕೊನೆಗೆ ಉಳಿದದ್ದು ಅವಳ ಲ್ಯಾಪ್‌ಟಾಪ್.

ಬಿಟ್ಟು ಹೋಗುವವನಿದ್ದೆ... ಆದರೆ ಹಬ್ಬದ ದಿನ ಒಂದು ಯಂತ್ರ ಮೈ ತೊಳೆಯದೆ ಕೂತಿರಬಾರದು. ನನ್ನ ಸಿಟ್ಟು ಹುಡುಗಿಯ ಮೇಲೆ. ಯಂತ್ರ ಏನು ಮಾಡಿತ್ತು?

ಅರಿವೆಯನ್ನು ಮತ್ತೆ ಅದ್ದಿ ಗಾಜು ಒರೆಸಿದೆ. ಒಂದೊಂದು ಗುಂಡಿಯ ಸಂದಿಯನ್ನೂ ಬಿಡಲಿಲ್ಲ. ಮೆಲ್ಲಗೆ ಮುಚ್ಚಿ, ವಿಭೂತಿ ಹಚ್ಚಿ, ಸೇವಂತಿಗೆ ಹೂವು ಇಟ್ಟೆ.

ಪೂಜೆ ಮುಗಿಯಿತು. ಪೂಜೆಗೆ ಬಂದಿದ್ದ ತಮ್ಮ ಬೀಗರಿಗೆ ಹೊಸ ಲಗ್ನಪತ್ರಿಕೆಯ ಡಿಸೈನ್ ತೋರಿಸಬೇಕೆಂದು ಸಾವಕಾರರು ಲ್ಯಾಪ್‌ಟಾಪ್ ತೆರೆದರು.

ಗಾಜಿನ ತುಂಬ ಬಿಳಿ ಕಲೆ... ಗುಂಡಿಗಳ ಸಂದಿಯಲ್ಲಿ ಪಸೆ... ಅದು ಚಾಲೂ ಆಗಲೇ ಇಲ್ಲ.

"ಏನ್ ಚೆಲ್ಲೀದಿ ಇದರ ಮ್ಯಾಲೆ? ನಿನ್ನೆ ಕಡೀಗೆ ಮುಟ್ಟಿದಾಕಿ ನೀನ ಹೌದಲ್ಲ?" ಸಾವಕಾರರು ಎಲ್ಲರೆದುರಿಗೆ ದಾಕ್ಷಾಯಣಿಯ ಮೇಲೆ ಏರಿ ಹೋದರು.

ಪ್ರೆಸ್ಸಿನಲ್ಲಿ ಗಾಳಿಯೇ ಸೀಮೆಎಣ್ಣೆ. ಯಾರ ಮೂಗಿಗೂ ಬೇರೆಯಾಗಿ ಹತ್ತಲಿಲ್ಲ... ನನಗೆ ಮಾತ್ರ ಗೊತ್ತಾಯಿತು.

ಅವಳು ನನ್ನ ಕೈಯಲ್ಲಿದ್ದ ಅರಿವೆ ನೋಡಿದಳು. ನನ್ನ ಮುಖ ನೋಡಿದಳು. ತಲೆ ತಗ್ಗಿಸಿದಳು.

"ನಾಳಿಂದ ಬರಬ್ಯಾಡ ನೀ" ಅಂದರು ಸಾವಕಾರರು.

ನಾನು ಹೂವಿನ ಬುಟ್ಟಿ ನೋಡುತ್ತ ನಿಂತೆ.

ಮರುದಿನ ವಿಜಯದಶಮಿ. ಸಂಜೆ ಎಲ್ಲರೂ ಸಾವಕಾರರಿಗೆ ಬನ್ನಿ ಕೊಡಲು ಪ್ರೆಸ್ಸಿಗೆ ಬಂದಿದ್ದರು.

ಅವಳೂ ಬಂದಳು. ಸಾವಕಾರರು ಮುಖ ತಿರುಗಿಸಿದರು. ಅವಳು ನೇರ ನನ್ನ ಬಳಿಗೆ ಬಂದು, ಬನ್ನಿ ಎಲೆ ಕೈಗಿಟ್ಟು ಕಾಲು ಮುಟ್ಟಿದಳು.

"ಬನ್ನಿ ತಗೋರಿ ಅಜ್ಜಾರ... ಬಂಗಾರದಂಗ ಇರೂಣು."

ಎಲೆ ಹಿಡಿದುಕೊಂಡೇ ಕೇಳಿದೆ. "ನಿನಗ... ಗೊತ್ತಿತ್ತೇನವಾ?"

"ಹೂಂನ್ರಿ. ನೀವು ಒರಸೂದನ್ನ ಬಾಗಲದಾಗ ನಿಂತು ನೋಡೀನಿ. ನೀರಾಗ ಅದ್ದಿದ ಅರಿವಿ ಅಂತ ತಿಳಕೊಂಡಿದ್ದೆ."

"ಮತ್ತ ನಿನ್ನೆ ಯಾಕ ಹೇಳಲಿಲ್ಲ?"

"ಹೇಳಿದ್ರ ಹೊಟ್ಟಿಕಿಚ್ಚಿಗೆ ಮಾಡ್ಯಾನ ಅಂತಿದ್ರು ಎಲ್ಲಾರೂ. ನೀವು ನನ್ನ ಕೂಡ ಹೆಂಗ ಇದ್ರಿ, ಊರಿಗೇ ಗೊತ್ತೈತಲ್ರಿ... ಆದ್ರ ನಾ ನಿಮ್ಮ ಕೈ ನೋಡೀನಿ ಅಜ್ಜಾರ. ಕೂಸಿಗೆ ಮಾರಿ ಒರಸಿದಂಗ ಒರಸಾಕತ್ತಿದ್ರಿ. ಹಾಳ ಮಾಡಾವ್ರು ಹಂಗ ಒರಸೂದಿಲ್ಲ."

ಎರಡು ತಿಂಗಳು ನಾನು ಆ ಹುಡುಗಿಯ ಮುಖ ಸರಿಯಾಗಿ ನೋಡಿರಲಿಲ್ಲ... ಅವಳು ನನ್ನ ಕೈಯನ್ನು ಅಷ್ಟು ಸರಿಯಾಗಿ ನೋಡಿದ್ದಳು.

ಕಣ್ಣು ಒರೆಸಿಕೊಂಡು ಸಾವಕಾರರ ಮುಂದೆ ಹೋಗಿ ನಿಂತೆ.

"ಅದನ್ನ ಒರಸಿದಾವ ನಾನ್ರಿ. ಸೀಮೆಎಣ್ಣಿ ಹಾಕಿ. ಹುಡುಗೀದು ಏನೂ ತಪ್ಪಿಲ್ಲ."

ಸಾವಕಾರರು ಎದ್ದು ನಿಂತರು. "ಹೊಟ್ಟಿಕಿಚ್ಚಿಗೆ ಮಾಡೀದಿ! ಬೇಕಂತ ಮಾಡೀದಿ!"

ಅವಳು ಹೇಳಿದ್ದ ಅದೇ ಮಾತು... ತಿರುಗಿ ವಾದಿಸಲು ನನಗೆ ಮುಖ ಎಲ್ಲಿತ್ತು?

"ಹಂಗ ತಿಳಕೋರಿ. ಆಕಿನ್ನ ಮಾತ್ರ ಕಳಸಬ್ಯಾಡ್ರಿ. ನಾನ ಬಿಟ್ಟು ಹೋಗ್ತೀನಿ."

ದಾಕ್ಷಾಯಣಿ ಏನೋ ಹೇಳಲು ಬಂದಳು. ಕೈ ಮಾಡಿ ತಡೆದೆ. ನಿನ್ನೆಯಿಂದ ಮೂಲೆಯಲ್ಲಿ ಬಿದ್ದಿದ್ದ ಅರಿವೆಯನ್ನು ಮಡಚಿ ಮೊಳೆಗಳ ಪೆಟ್ಟಿಗೆಯ ಮೇಲಿಟ್ಟೆ... ಗೋಡೆಗೆ ತಿರುಗಿದ್ದ ಫ್ಯಾನನ್ನು ಅವಳ ಕುರ್ಚಿಯ ಕಡೆಗೆ ತಿರುಗಿಸಿದೆ.

*ದಿನಾ ದ್ವೇಷ ತೋರಿಸಿದವನ ಒಳ್ಳೆಯ ಕೆಲಸವನ್ನು ಲೋಕ ನಂಬುವುದಿಲ್ಲ... ಆಗಲೂ ನಂಬಿದವರ ಋಣ ದೊಡ್ಡದು.*

ನೀವು ಇವತ್ತು ಯಾರ ಕಡೆಯಿಂದ ಫ್ಯಾನ್ ತಿರುಗಿಸಿ ಕೂತಿದ್ದೀರಿ? ಒಮ್ಮೆ ಯೋಚಿಸಿ ನೋಡುತ್ತೀರಾ?

ಆ ಪ್ರೆಸ್ಸಿನಲ್ಲಿ ದಾಕ್ಷಾಯಣಿ ಉಳಿದಳು... ಬಿಟ್ಟು ಹೋದವನು ನಾನು. ವಿಜಯದಶಮಿ, ಗುರುವಾರ.