ಬಾಡಿಗೆಗೆ ಬಂದ ಗೌರಿ

ಮೊನ್ನೆ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಬಳಿ ಸಗಣಿಯ ವಾಸನೆ ಬಂತು. ಯಾರದೋ ಗೃಹಪ್ರವೇಶಕ್ಕೆ ಹಸು ತಂದಿದ್ದರು.

ನಾನು ಚಿಕ್ಕವಳಿದ್ದಾಗ ಕೊಡಿಗೇಹಳ್ಳಿಯಲ್ಲಿ ಹೊಲ ಮಾರಿದ ದೊಡ್ಡಪ್ಪ, ಕೆಳಗೆ ಹೊಸ ಕಾರಿಗೊಂದು ಶೆಡ್ಡು ಬಿಟ್ಟು, ಮೂರಂತಸ್ತಿನ ಮನೆ ಕಟ್ಟಿಸಿದರು. ಗ್ರಾನೈಟ್ ನೆಲಕ್ಕೂ ಸಗಣಿಗೂ ಆಗಿಬರುವುದಿಲ್ಲವೆಂದು ಅಜ್ಜಿಯ ಹಸು ಗೌರಿಯನ್ನೂ ಮಾರಿಬಿಟ್ಟರು. ಅಜ್ಜಿ ಎರಡು ದಿನ ಊಟ ಮುಟ್ಟಲಿಲ್ಲ. ಆದರೆ ಹಸು ಮೊದಲು ಒಳಗೆ ಕಾಲಿಡದೆ ಗೃಹಪ್ರವೇಶ ನಡೆಯುವುದುಂಟೆ? ದೊಡ್ಡಪ್ಪ ಫೋನ್ ಮಾಡಿ ಬಾಡಿಗೆ ಹಸು ತರಿಸಿದರು. ಟೆಂಪೊದಿಂದ ಇಳಿದದ್ದು ನಮ್ಮ ಗೌರಿಯೇ.

ಹೊಳೆಯುವ ನೆಲ ಕಂಡು ಅದು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಎಷ್ಟು ಎಳೆದರೂ ಜಗ್ಗಲಿಲ್ಲ. ಸಹಕಾರನಗರದ ಬೀಗರು ನಗು ತಡೆದುಕೊಂಡು ನೋಡುತ್ತಿದ್ದರು. ಅಜ್ಜಿ ನೇರ ಬಂದು ದೊಡ್ಡಪ್ಪನ ಹೆಗಲಿನ ಜರಿ ಶಲ್ಯ ಎಳೆದು ನೆಲಕ್ಕೆ ಹಾಸಿ, “ಬಾರೇ ಗೌರಿ” ಎಂದಳು. ಗೌರಿ ಒಳಗೆ ಬಂತು, ಒರಟು ನಾಲಿಗೆಯಿಂದ ಅಜ್ಜಿಯ ಕೈ ನೆಕ್ಕಿತು, ಶಲ್ಯದ ಮೇಲೆಯೇ ಸಗಣಿ ಹಾಕಿತು.

“ಬಹಳ ಶುಭ!” ಎಂದರು ಪುರೋಹಿತರು.

ಪೂಜೆ ಮುಗಿದರೂ ಅಜ್ಜಿ ಹಗ್ಗ ಬಿಡಲಿಲ್ಲ.

“ಅಮ್ಮ, ಟೆಂಪೊದವನು ಕಾಯ್ತಾವ್ನೆ, ಬಿಡಮ್ಮ” ಎಂದರು ದೊಡ್ಡಪ್ಪ.

“ಮನೆಗೆ ಬಂದ ಲಕ್ಷ್ಮೀನ ಇಂಗೆ ಬಾಡ್ಗೆ ಕೊಟ್ಟು ಕಳಿಸ್ತಾರೇನ್ಲಾ? ಇವಳು ಓದ್ರೆ ಅದೇ ಟೆಂಪೊದಾಗೆ ನಾನೂ ಓಯ್ತೀನಿ.”

ದೊಡ್ಡಪ್ಪ ಒಮ್ಮೆ ಬೀಗರ ಮುಖ ನೋಡಿದರು, ಒಮ್ಮೆ ಅಜ್ಜಿಯ ಕೈಯಲ್ಲಿದ್ದ ಹಗ್ಗ ನೋಡಿದರು.

ಅಂದು ಸಂಜೆಯಿಂದ ಅವರ ಹೊಸ ಕಾರು ಬೀದಿಯಲ್ಲಿ ನಿಲ್ಲತೊಡಗಿತು.